ನೀರು ತಾಕಿದ ಕಲ್ಲುಗಳು

ಆ ಮನೆಯಲ್ಲಿ ಕಾನೂನು ಅಂತ ಇದ್ದದ್ದು ಒಂದೇ ಒಂದು. ಅದನ್ನು ನೆಲದ ಮೇಲೆ ಎಳೆದಿದ್ದರು. ಮುಂದಿನ ಕೋಣೆಯ ಬಾಗಿಲಿನಿಂದ ನಾಲ್ಕು ಹೆಜ್ಜೆ ಒಳಗೆ, ಈ ಗೋಡೆಯಿಂದ ಆ ಗೋಡೆಗೆ, ಕೆಂಪು ಬಣ್ಣದ ಗೆರೆ. ಗೆರೆಯ ಆಚೆ ಮಾವನ ಕೆಲಸದ ಮೇಜು. ಈಚೆ ಉಳಿದ ಲೋಕ. ನೀರಿನ ಚೊಂಬು, ಚಹಾದ ಲೋಟ, ಒದ್ದೆ ಕೈ, ಒದ್ದೆ ಕೂದಲು, ಮೂಗು ಸೋರುವ ಮಗು, ಯಾವುದೂ ಗೆರೆ ದಾಟುವ ಹಾಗಿಲ್ಲ. ಪಕ್ಕದ ಗೋಡೆಯ ಮೊಳೆಗೆ ಒಂದು ಟವೆಲ್ಲು ನೇತುಹಾಕಿತ್ತು. ದಾಟುವವರು ಕೈಯನ್ನು ಎರಡು ಸಲ ಒರೆಸಿಕೊಳ್ಳಬೇಕು. ಒಂದೇ ಸಲ ಒರೆಸಿದರೆ ಮಾವ ಕತ್ತು ಬಗ್ಗಿಸಿದವರು ಬಗ್ಗಿಸಿದ ಹಾಗೇ, "ಇನ್ನೊಂದ್ಸಲ" ಅನ್ನುತ್ತಿದ್ದರು. ಹೇಗೆ ಗೊತ್ತಾಗುತ್ತಿತ್ತೋ!

ಮಾವ ಮಾಡುತ್ತಿದ್ದುದು ಗಿಲೀಟು ಒಡವೆ. ಹಿತ್ತಾಳೆಯ ಮೇಲೆ ಚಿನ್ನದ ಮುಲಾಮು ಅಂದರೆ ತೆಳು ಲೇಪ, ವಜ್ರದ ಜಾಗದಲ್ಲಿ ಗಾಜಿನ ಕಲ್ಲು. ಆ ಕಲ್ಲಿನ ಬೆನ್ನಿಗೆ ತೆಳ್ಳನೆಯ ಬೆಳ್ಳಿ ಬೇಗಡೆ ಅಂಟಿಸಿರುತ್ತದೆ. ಹೊಳೆಯುವುದೆಲ್ಲ ಅದೇ, ಗಾಜು ಸುಮ್ಮನೆ ಮುಂದೆ ನಿಂತು ಹೆಸರು ತಗೊಳ್ಳುತ್ತದೆ. ಕಲ್ಲು ಕೂತ ಗುಳಿಯೊಳಗೆ ಒಂದು ಹನಿ ನೀರು ಇಳಿಯಿತೋ, ಬೇಗಡೆ ಮೊದಲು ಹಳದಿಯಾಗುತ್ತದೆ, ಆಮೇಲೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಒಂದೆರಡು ವಾರದಲ್ಲಿ ಕಪ್ಪು. ಕಸುಬಿನವರು ಅದಕ್ಕೆ "ಕಲ್ಲು ಸತ್ತಿತು" ಅನ್ನುತ್ತಾರೆ. ಸತ್ತ ಕಲ್ಲನ್ನು ಬದುಕಿಸಿದವರನ್ನು ಯಾರೂ ಕಂಡಿಲ್ಲ.

ಸೊಸೆ ಈ ಮನೆಗೆ ಬಂದ ಎರಡನೇ ದಿನವೇ ಕಾನೂನು ಮುರಿದಿದ್ದಳು. ಮಾವನ ಕೈಗೇ ಚಹಾ ಕೊಡೋಣ, ಒಳ್ಳೆಯವಳು ಅನ್ನಿಸಿಕೊಳ್ಳೋಣ ಅಂತ ಲೋಟ ಹಿಡಿದು ಸೀದಾ ಮೇಜಿನ ಕಡೆ ನಡೆದಳು.

"ಗೆರೆ!"

ಆಗ ಆ ಕೋಣೆಯಲ್ಲಿ ಹನ್ನೊಂದು ಜನ ಕೆಲಸಕ್ಕಿದ್ದರು. ಹನ್ನೊಂದು ತಲೆಯೂ ಒಟ್ಟಿಗೆ ಮೇಲೆದ್ದವು. ಲೋಟ ತುಳುಕಿ ಅರ್ಧ ಚಹಾ ಅವಳ ಹೊಸ ಬಟ್ಟೆಯ ಮೇಲೇ ಬಿತ್ತು. ಮಾವ ಎದ್ದು ಗೆರೆಯ ಈಚೆಗೆ ಬಂದು, ಉಳಿದ ಅರ್ಧ ಕುಡಿದು, ಮೀಸೆ ಒರೆಸಿಕೊಂಡರು.

"ಚಹಾ ಚೆನ್ನಾಗಿದೆ. ನಿನ್ನ ಕೈ ಯಾವಾಗ್ಲೂ ನಡುಗುತ್ತಾ, ಇಲ್ಲ ನನ್ನನ್ನ ಕಂಡ್ರೆ ಮಾತ್ರಾನಾ?"

"ನಿಮ್ಮನ್ನ ಕಂಡ್ರೆ ಮಾತ್ರ ಮಾವ."

"ಹಾಗಾದ್ರೆ ಪರವಾಗಿಲ್ಲ. ಕೈ ಒರೆಸ್ಕೊಂಡು ಬಾ, ಕೂತ್ಕೊ. ಕಲ್ಲು ಕೂರಿಸೋದು ತೋರಿಸ್ತೀನಿ."

ಅವತ್ತು ಕೂತವಳು ಇಪ್ಪತ್ತೆರಡು ವರ್ಷ ಆ ಸ್ಟೂಲು ಬಿಡಲಿಲ್ಲ. ಅಚ್ಚಿನಲ್ಲಿ ಎರಕ ಹೊಯ್ದ ಅಗ್ಗದ ಮಾಲು ಪೆಟ್ಟಿಗೆ ಪೆಟ್ಟಿಗೆ ಬಂದು ಇಳಿದಾಗ ಹನ್ನೊಂದು ಜನ ಐವರಾದರು, ಐವರು ಇಬ್ಬರಾದರು, ಆಮೇಲೆ ಉಳಿದವಳು ಇವಳೊಬ್ಬಳೇ. ಅತ್ತೆ ತೀರಿಕೊಂಡರು. ಮಾವನಿಗೆ ಎಂಬತ್ತೊಂದಾಯಿತು. ಈಗ ಮಾವನ ಕೈ ನಡುಗುತ್ತದೆ, ಸೊಸೆಯ ಕೈ ನಡುಗುವುದಿಲ್ಲ. ಅವಳು ಮೇಣದ ಕಡ್ಡಿಯ ತುದಿಗೆ ಕಲ್ಲು ಅಂಟಿಸಿಕೊಂಡು ಗುಳಿಗೆ ಇಳಿಸುತ್ತಾಳೆ, ಗುಳಿಯ ಅಂಚಿನ ನಾಲ್ಕು ಲೋಹದ ಹಲ್ಲು ಬಗ್ಗಿಸಿ ಕಚ್ಚಿಸುತ್ತಾಳೆ. ಮಾವ ಪಕ್ಕದಲ್ಲಿ ಕೂತು, "ಎಡಗಡೆ ಹಲ್ಲು ಇನ್ನೂ ಎದ್ದಿದೆ ನೋಡು, ನಿಮ್ಮತ್ತೆ ಹಲ್ಲಿನ ಹಾಗೆ" ಅನ್ನುತ್ತಾರೆ. ನೃತ್ಯ ಕಲಿಸುವವರೊಬ್ಬರು ವರ್ಷಕ್ಕೆರಡು ಸಲ ಓಲೆ, ಕಿರೀಟ ಮಾಡಿಸಿಕೊಳ್ಳುತ್ತಾರೆ. ಕಸುಬು ಅಂತ ಉಳಿದಿರುವುದು ಅಷ್ಟೇ.

ಹೀಗಿದ್ದ ಮನೆಗೆ ಪುಸ್ತಕದ ಮೇಡಂ ಬಂದದ್ದು ಮೊಮ್ಮಗಳಿಂದ. ಮೊಮ್ಮಗಳಿಗೆ ಅಜ್ಜ ಇಟ್ಟ ಹೆಸರು ರೇಡಿಯೋ. ಬೆಳಗ್ಗೆ ಕಣ್ಣು ಬಿಟ್ಟಾಗ ಶುರುವಾದರೆ ಕಾಲೇಜಿಗೆ ಹೋಗುವವರೆಗೆ ಕಾರ್ಯಕ್ರಮ ನಿಲ್ಲುವುದಿಲ್ಲ. ಅವಳು ಅಜ್ಜನ ಹಳೆ ಒಡವೆಗಳಲ್ಲಿ ಏಳೆಂಟರ ಫೋಟೋ ತೆಗೆದು ಫೋನಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದಳು. ಅದನ್ನು ನೋಡಿ ಬಂದವರು, ಹಳೆ ಗಿಲೀಟು ಒಡವೆಗಳ ಬಗ್ಗೆ ಪುಸ್ತಕ ಬರೆಯುತ್ತಿರುವ ಹೆಂಗಸು. ಕನ್ನಡಕ, ಚೀಲ, ಚೀಲದೊಳಗೆ ಇನ್ನೊಂದು ಕನ್ನಡಕ.

"ಮೂರು ಬಾಗಿಲಿನ ಅಂಗಡಿಗೆ ಒಡವೆ ಮಾಡಿಕೊಡ್ತಿದ್ದವರು ನೀವೇನಾ?" ಅಂತ ಆಕೆ ಕೇಳಿದರು.

"ಮತ್ತೆ? ಅಂಗಡಿಯವನು ಮಾಡ್ತಿದ್ದನಾ? ಅವನಿಗೆ ಶರ್ಟಿನ ಗುಂಡಿ ಹಾಕ್ಕೊಳ್ಳೋಕೂ ಹೆಂಡತಿ ಬೇಕಿತ್ತು," ಅಂದರು ಮಾವ.

ಮಾವ ಶುರು ಮಾಡಿದರೆ ಯಾರೂ ಎದ್ದು ಹೋಗುವ ಹಾಗಿಲ್ಲ. ಹನ್ನೆರಡು ವರ್ಷಕ್ಕೆ ಗುಂಡಿ ಮಾಡುವ ಕಾರ್ಖಾನೆಗೆ ಸೇರಿದ್ದು. ಒಡಕು ಗುಂಡಿ ಆರಿಸುವ ಕೆಲಸ. ಒಂದು ದಿನ ನಾಟಕ ಕಂಪನಿಯ ರಾಣಿ ಪಾತ್ರದವಳು ಉಡುಪಿಗೆ ಗುಂಡಿ ಕೊಳ್ಳಲು ಬಂದು, ಈ ಹುಡುಗನ ಅಂಗೈಯಲ್ಲಿದ್ದ ಗಾಜಿನ ಒಡಕುಗಳನ್ನು ನೋಡಿ, "ಇದರಲ್ಲಿ ನನಗೊಂದು ಕಿರೀಟ ಮಾಡಿಕೊಡ್ತೀಯೇನೋ?" ಅಂದಳಂತೆ. ಬಿಸ್ಕತ್ತಿನ ಡಬ್ಬದ ತಗಡು ಕತ್ತರಿಸಿ ಮಾಡಿಕೊಟ್ಟರು. "ಕೊನೇ ಸಾಲಲ್ಲಿ ಕೂತು ನೋಡಿದೆ ಮೇಡಂ. ಬಿಸ್ಕತ್ತಿನ ಡಬ್ಬ ಅಂತ ನನಗೊಬ್ಬನಿಗೇ ಗೊತ್ತಿತ್ತು. ನನಗೂ ಮರೆತುಹೋಯ್ತು." ಅಲ್ಲಿಂದ ಬೆಸುಗೆ ಕಲಿತದ್ದು, ಈ ಕೋಣೆ ಹಿಡಿದದ್ದು, ಮೂವತ್ತೊಂದು ವರ್ಷ ಮೂರು ಬಾಗಿಲಿನ ಅಂಗಡಿಗೆ ಮಾಲು ಕೊಟ್ಟದ್ದು. ಪ್ರತಿಯೊಂದೂ ಅಂಗಡಿಯ ಹೆಸರಿನ ರಟ್ಟಿನ ಮೇಲೆ ಕೂತು ಹೊರಗೆ ಹೋಯಿತು. ಮಾವನ ಹೆಸರು ಎಲ್ಲೂ ಇಲ್ಲ.

"ನೀವು ಯಾಕೆ ಹಿಂದೆ ಒಂದು ಗುರುತು ಹಾಕಲಿಲ್ಲ?"

"ಬ್ರೋಚಿನ ಬೆನ್ನು ಯಾರು ನೋಡ್ತಾರಮ್ಮ? ಅದು ತೊಟ್ಟವರ ಎದೆಗೆ ತಾಗಿರುತ್ತೆ. ಅಲ್ಲಿ ನನ್ನ ಹೆಸರು ಬರೆದ್ರೆ ಚೆನ್ನಾಗಿರುತ್ತಾ?"

ರೇಡಿಯೋ ಕಿಸಕ್ಕೆಂದಳು. ಸೊಸೆ ಅವಳ ತೊಡೆ ಚಿವುಟಿದಳು.

ಆಮೇಲೆ ಮಾವ ಪೆಟ್ಟಿಗೆ ತರಿಸಿದರು. ಅಂಗಡಿಗೆ ಕೊಟ್ಟ ಪ್ರತಿ ನಮೂನೆಯಲ್ಲೂ ಮೊದಲು ಮಾಡಿದ್ದನ್ನು ಕೊಡದೆ ತಮಗೇ ಅಂತ ಉಳಿಸಿಕೊಂಡಿದ್ದರು. ಮೂರು ತಟ್ಟೆ, ತಟ್ಟೆಗೆ ಇಪ್ಪತ್ತೆಂಟು. ಕಪ್ಪು ಮಖಮಲ್ಲಿನ ಮೇಲೆ ಎಂಬತ್ತನಾಲ್ಕು ಒಡವೆ: ಎಲೆ, ಬಿಲ್ಲು, ಜಿರಾಫೆ, ಛತ್ರಿ, ಚಂದ್ರ, ಒಂದು ಮುಷ್ಟಿ ಗಾತ್ರದ ಜೇಡ. ಮೇಡಂ ಕನ್ನಡಕ ಬದಲಾಯಿಸಿದರು. ಒಂದೊಂದನ್ನೇ ಬಗ್ಗಿ ನೋಡಿದರು.

"ಅಂಗಡಿಯವರ ಮೊಮ್ಮಕ್ಕಳು ಇದೆಲ್ಲ ನಮ್ಮ ತಾತ ಯೋಚಿಸಿ ಮಾಡಿಸಿದ್ದು ಅಂತಾರೆ," ಅಂದರು ಕೊನೆಗೆ. "ಅದು ಸುಳ್ಳು ಅನ್ನೋದಕ್ಕೆ ಈ ಪೆಟ್ಟಿಗೆ ಸಾಕು. ಇಷ್ಟೂ ಒಟ್ಟಿಗೆ, ಮೊದಲ ದಿನದ ಹಾಗೆ ಹೊಳೀತಾ ಇರೋದು, ಇನ್ನು ಯಾರ ಹತ್ರಾನೂ ಇಲ್ಲ. ಒಂದು ಅಧ್ಯಾಯ ಪೂರ್ತಿ ನಿಮ್ಮದು. ನಿಮ್ಮ ಹೆಸರಿನಲ್ಲಿ. ಮೂರು ವಾರ ಬಿಟ್ಟು ಗುರುವಾರ ಫೋಟೋದವರನ್ನ ಕರ್ಕೊಂಡು ಬರ್ತೀನಿ."

"ಹೆಸರು ದೊಡ್ಡ ಅಕ್ಷರದಲ್ಲಿ ಹಾಕಿಸಿ," ಅಂದರು ಮಾವ. "ಅಂಗಡಿಯವನ ಮೊಮ್ಮಕ್ಕಳಿಗೂ ನನ್ನ ಹಾಗೇ ಕಣ್ಣು ಮಂಜಾಗಿರಬಹುದು."

ಮೇಡಂ ಹೋಗಿ ಹತ್ತು ನಿಮಿಷಕ್ಕೆ ಮಾವ ಸೊಸೆಯನ್ನು ಕೇಳಿದರು, "ಊಟ ಆಯ್ತಾ ನಂದು?"

ಆಗಿತ್ತು.

*

ಮನೆಯ ತೊಂದರೆ ಇದೇ. ಐವತ್ತು ವರ್ಷದ ಹಿಂದಿನ ಕಿರೀಟಕ್ಕೆ ಎಷ್ಟು ಕಲ್ಲು ಅಂತ ಮಾವನಿಗೆ ಗೊತ್ತು. ಬೆಳಗ್ಗೆ ತಿಂದದ್ದು ಗೊತ್ತಿಲ್ಲ. ತಿಂಗಳ ಹಿಂದೆ ಬೆಸುಗೆಯ ಗ್ಯಾಸು ತೆರೆದಿಟ್ಟು, ಹಚ್ಚದೆ, ಬೀದಿ ಬಾಗಿಲಲ್ಲಿ ಹೋಗಿ ನಿಂತಿದ್ದರು. ಅವತ್ತು ಮೊದಲು ಮನೆಗೆ ಬಂದವನು ಸೊಸೆಯ ಗಂಡ, ಮಾವನ ಒಬ್ಬನೇ ಮಗ. ಅವನು ಅಗ್ನಿಶಾಮಕ ದಳದಲ್ಲಿ ಗಾಡಿ ಓಡಿಸುವವನು. ಕಿಟಕಿ ಬಾಗಿಲು ತೆರೆದು, ಸಿಲಿಂಡರಿನ ಕಿವಿ ತಿರುಗಿಸಿ, ಗೆರೆಯ ಮೇಲೇ ಕೂತುಬಿಟ್ಟಿದ್ದ.

"ದಿನಾ ಬೇರೆಯವರ ಮನೆ ಬೆಂಕಿ ಆರಿಸ್ತೀನಿ ಕಣೇ," ಅಂದ ಹೆಂಡತಿಗೆ. "ಆ ಮನೆಗಳು ಒಳಗೆ ಹೇಗಿರುತ್ತೆ ಅಂತ ನಿಂಗೊತ್ತಿಲ್ಲ. ಇನ್ನೊಂದು ಸಲ ಅಪ್ಪ ಏನಾದ್ರೂ ಎಡವಟ್ಟು ಮಾಡಿದ್ರೆ ಕೋಣೆಗೆ ಬೀಗ. ಗ್ಯಾಸೇ ಆಗಬೇಕು ಅಂತಿಲ್ಲ. ಯಾವ ಎಡವಟ್ಟಾದ್ರೂ ಸರಿ."

"ಬೀಗ ಹಾಕಿದ್ರೆ ಅವರು ಏನ್ರೀ ಮಾಡ್ತಾರೆ?"

"ಎಲ್ಲ ಮುದುಕರೂ ಏನು ಮಾಡ್ತಾರೋ ಅದು."

ಸೊಸೆಗೆ ಗೊತ್ತಿತ್ತು ಏನಾಗುತ್ತದೆ ಅಂತ. ಹೋದ ವರ್ಷ ಮಾವ ಜ್ವರ ಬಂದು ನಾಲ್ಕು ದಿನ ಮಂಚದ ಮೇಲಿದ್ದಾಗ, ಗಂಟೆಗೊಂದು ಸಲ, "ಇದು ಯಾರ ಮನೆಯಮ್ಮ?" ಅಂತ ಕೇಳಿದ್ದರು. ಐದನೇ ದಿನ ಕೈ ಹಿಡಿದು ನಡೆಸಿಕೊಂಡು ಬಂದು ಮೇಜಿನ ಮುಂದೆ ಕೂರಿಸಿದಳು. ಚಿಮಟ ಕೈಗೆ ಸಿಕ್ಕಿದ್ದೇ ತಡ, "ಯಾರು ನನ್ನ ಅರ ಆ ಕಡೆ ಇಟ್ಟಿದ್ದು?" ಅಂತ ಬೈದರು. ಬೈಗುಳ ಕೇಳಿ ಅವಳಿಗೆ ಸಂತೋಷದಲ್ಲಿ ಅಳು ಬಂದಿತ್ತು. ಮಾವ ಮಾವನಾಗಿ ಉಳಿದಿದ್ದರೆ ಅದು ಆ ಮೇಜಿನಿಂದ.

ಮೇಡಂ ಬಂದುಹೋದ ಐದನೇ ದಿನ ಮಂಗಳವಾರ. ಸೊಸೆ ನೃತ್ಯದವರ ಓಲೆಗಳನ್ನು ಮುಲಾಮಿನವರ ಹತ್ತಿರ ಕೊಟ್ಟು, ಹಾಲು, ಬ್ರೆಡ್ಡು, ಆಲೂಗಡ್ಡೆ ತಗೊಂಡು ಹನ್ನೊಂದು ಗಂಟೆಗೆ ವಾಪಸ್ಸಾದಳು. ಮುಂದಿನ ಕೋಣೆಯಲ್ಲಿ ಯಾರೂ ಇಲ್ಲ. ಬಚ್ಚಲಲ್ಲಿ ನೀರಿನ ಸದ್ದು, ಜೊತೆಗೆ ಮಾವ ಗುನುಗುವ ಸದ್ದು.

ಮಾವ ಪುಟ್ಟ ಮಣೆ ಹಾಕಿಕೊಂಡು ಕೂತಿದ್ದರು. ಅಂಗಿಯ ತೋಳು ಮೊಣಕೈವರೆಗೆ ಒದ್ದೆ. ಮುಂದೆ ಬಟ್ಟೆ ಒಗೆಯುವ ಟಬ್ಬು, ಅದರ ತುಂಬ ಸೋಪಿನ ನೊರೆ. ಒಂದು ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು, ಇನ್ನೊಂದರಲ್ಲಿ ಜೇಡ. ಪಕ್ಕದಲ್ಲಿ ಮೂರು ತಟ್ಟೆ ಖಾಲಿ.

ಆಲೂಗಡ್ಡೆ ಚೀಲ ಅವಳ ಕೈಯಿಂದ ಜಾರಿತು. ಒಂದು ಉರುಳಿ ಹೋಗಿ ಟಬ್ಬಿಗೆ ತಗುಲಿ ನಿಂತಿತು.

"ಬಂದ್ಯಾ?" ಅಂದರು ಮಾವ. ಮುಖ ಹಬ್ಬದ ದಿನದ ಹಾಗಿತ್ತು. "ಆ ಮೇಡಂ ಬರ್ತಾರಲ್ಲ, ಫಳಫಳ ಅನ್ಲಿ ಅಂತ. ಎಷ್ಟು ಕೊಳೆ ನೋಡು! ಇಷ್ಟು ವರ್ಷ ಯಾರಾದ್ರೂ ಒಂದು ಸಲ ತೊಳೆದಿದ್ದೀರಾ ಇದನ್ನ?"

"ಇಲ್ಲ ಮಾವ," ಅಂದಳು ಸೊಸೆ. "ಯಾರೂ ತೊಳೆದಿಲ್ಲ."

"ಮತ್ತೆ!"

ಅವಳು ಬೈಯಲಿಲ್ಲ. ಬೈದು ಏನಾಗಬೇಕು? ಮಾವನ ತೋಳು ಹಿಡಿದು ಎಬ್ಬಿಸಿ, ಅಂಗಿ ಬದಲಿಸಿ, ಮಂಚದ ಮೇಲೆ ಕೂರಿಸಿ, ಕೈಗೆ ಬ್ರೆಡ್ಡು ಕೊಟ್ಟಳು. ಆಮೇಲೆ ಓಡಿದಳು. ಮನೆಯಲ್ಲಿದ್ದ ಟವೆಲ್ಲುಗಳನ್ನೆಲ್ಲ ಹಾಸಿ ಒಂದೊಂದನ್ನೇ ಬೋರಲು ಹಾಕಿದಳು. ಫ್ಯಾನು ಹಾಕಿದಳು. ಮಗಳ ಕೂದಲು ಒಣಗಿಸುವ ಯಂತ್ರ ತಂದು ದೂರ ಹಿಡಿದು ಊದಿದಳು. ಸೂಜಿಗೆ ಹತ್ತಿ ಸುತ್ತಿ ಗುಳಿಗಳ ಅಂಚಿಗೆ ಒತ್ತಿದಳು. ಹತ್ತಿ ಪ್ರತಿ ಸಲವೂ ಒದ್ದೆಯಾಗೇ ಬಂತು.

ಅರ್ಧ ಗಂಟೆಗೆ ಮಾವ ಬಾಗಿಲಿಗೆ ಬಂದು ನಿಂತರು. "ಇದೆಲ್ಲ ಯಾಕಮ್ಮ ಹೊರಗೆ ತೆಗೆದಿದ್ದೀಯ?"

"ಧೂಳು ಕೊಡವೋಕೆ ಮಾವ."

"ಕೊಡವು, ಕೊಡವು. ನೀರು ಮಾತ್ರ ತಾಕಿಸಬೇಡ ನೋಡು."

ಸಂಜೆ ಗಂಡ ಬಂದಾಗ ಹಗ್ಗದ ಮೇಲೆ ಒಂಬತ್ತು ಒದ್ದೆ ಟವೆಲ್ಲು ನೇತಾಡುತ್ತಿದ್ದವು. ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಮೊಟ್ಟೆ. ಗಂಡ ಮೊಟ್ಟೆಯ ಸಿಪ್ಪೆ ಬಿಡಿಸುತ್ತಾ ಕೇಳಿದ, "ಏನು, ಮನೆಗೆ ಪ್ರವಾಹ ಬಂದಿತ್ತಾ?"

"ಪೆಟ್ಟಿಗೆ ಒಡವೆ ತೊಳೆದೆ," ಅಂದಳು ಸೊಸೆ.

"ಏನು ತೊಳೆದೆ?"

"ಪೆಟ್ಟಿಗೇದು. ಕೊಳೆಯಾಗಿತ್ತು. ಮೇಡಂ ಬರ್ತಾರೆ ಅಂತ ನಾನೇ..."

ರೇಡಿಯೋಳ ಚಮಚ ಬಾಯಿಗೂ ತಟ್ಟೆಗೂ ಮಧ್ಯದಲ್ಲಿ ನಿಂತಿತು. ಮಾವ ಆಲೂಗಡ್ಡೆ ಹಿಸುಕುತ್ತಿದ್ದರು. ಅವರ ಕಿವಿಗೆ ಏನೂ ಬಿದ್ದ ಹಾಗಿರಲಿಲ್ಲ.

"ಇಪ್ಪತ್ತೆರಡು ವರ್ಷ ಆ ಮೇಜಿನ ಮುಂದೆ ಕೂತವಳು ನೀನು!" ಗಂಡ ಮೊಟ್ಟೆಯನ್ನು ತಟ್ಟೆಯಲ್ಲಿಟ್ಟ. "ನಾನು ಅಪ್ಪನ ಬಗ್ಗೆ ಹೆದರ್ಕೊಂಡು ಸಾಯ್ತಿದ್ರೆ, ನಿನ್ನ ತಲೆಗೇನಾಯ್ತೇ?"

"ಗಮನ ಇರಲಿಲ್ಲ."

"ಗಮನ ಇರಲಿಲ್ವಂತೆ! ಏನು, ಸೌತೆಕಾಯಿ ಅಂದ್ಕೊಂಡ್ಯಾ, ತೊಳೆದಿಡೋಕೆ?"

ಊಟ ಆದ ಮೇಲೆ ಪಾತ್ರೆ ತೊಳೆಯುವ ಜಾಗದಲ್ಲಿ ರೇಡಿಯೋ ಅಮ್ಮನನ್ನು ಹಿಡಿದಳು. "ಸುಳ್ಳು. ಅಜ್ಜನ ಒದ್ದೆ ಅಂಗಿ ಬಕೆಟ್ಟಲ್ಲಿದೆ. ಜೇಬಲ್ಲಿ ಸೋಪಿದೆ."

"ಸಣ್ಣ ದನಿ ಮಾಡೇ."

"ನೀನು ಯಾಕೆ ಹೊತ್ಕೊಳ್ತೀಯ? ಅಪ್ಪನಿಗೆ ಹೇಳ್ಬಿಡೋಣ."

"ಹೇಳಿದ್ರೆ ನಾಳೆ ಬೀಗ ಬೀಳುತ್ತೆ. ನಿಮ್ಮಪ್ಪ ಹೇಳಿದ್ದು ಮಾಡೋ ಮನುಷ್ಯ. ಅಜ್ಜ ಆಮೇಲೆ ನಿನ್ನನ್ನೇ ಯಾರು ಅಂತ ಕೇಳ್ತಾರೆ. ಬೇಕಾ?"

ರೇಡಿಯೋ ತಟ್ಟೆ ಒರೆಸಿದಳು. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು.

*

ನಾಲ್ಕು ದಿನ ಏನೂ ಆಗಲಿಲ್ಲ. ಸೊಸೆಗೆ ಆಸೆ ಹುಟ್ಟಿತು. ಐದನೇ ದಿನ ಛತ್ರಿಯ ಅಂಚಿನ ಮೂರು ಕಲ್ಲು ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿದ್ದವು. ಆರನೇ ದಿನ ಚಂದ್ರನ ಕೆಳಗಿನ ತುದಿ. ಆಮೇಲೆ ದಿನವೂ ಅವಳು ಬೆಳಗಿನ ಕೆಲಸವೆಲ್ಲ ಮುಗಿಸಿ, ಪೆಟ್ಟಿಗೆ ತೆರೆದು, ಮುಚ್ಚುತ್ತಿದ್ದಳು. ಮನೆಯಲ್ಲಿ ಕಾಯಿಲೆ ಬಿದ್ದವರನ್ನು ನೋಡಿ ಬರುವ ಹಾಗೆ. ಹಸಿರು ಎಲೆಗಳು ಮೊದಲು ಪೂರ್ತಿ ಹೋದವು. ಕೆಂಪು ಕಲ್ಲುಗಳು ಸ್ವಲ್ಪ ತಡೆದುಕೊಂಡವು. ಜಿರಾಫೆಯ ಕುತ್ತಿಗೆ ಕೆಳಗಿನಿಂದ ಮೇಲಕ್ಕೆ ದಿನಕ್ಕೊಂದು ಕಲ್ಲು ಕಪ್ಪಾಗುತ್ತಾ ಹೋಯಿತು.

ಮಿಕ್ಕ ಕಲ್ಲಿನ ಡಬ್ಬಿ ಹುಡುಕಿದಳು. ಸುಮಾರು ನಲವತ್ತು ಕಲ್ಲು ಸಿಕ್ಕವು, ಅಳತೆ ಹೊಂದಿದ್ದು ಆರು. ಮಾವ ಮಧ್ಯಾಹ್ನ ಮಲಗಿದ್ದಾಗ ಛತ್ರಿಯ ಮೂರು ಕಲ್ಲು ಕಿತ್ತು ಹೊಸದು ಕೂರಿಸಿದಳು. ಐವತ್ತು ವರ್ಷ ಹಳೆಯ ಕಲ್ಲುಗಳ ನಡುವೆ ಅವು ಮೂರು, ಕಟ್ಟಿಸಿಕೊಂಡ ಹಲ್ಲುಗಳ ಹಾಗೆ ಬೆಳ್ಳಗೆ ಕಿಸಿದುಕೊಂಡು ಕೂತವು. ಮತ್ತೆ ಕಿತ್ತಳು.

ಚಂದ್ರನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬೀದಿ ಕೊನೆಯ ಮುಲಾಮಿನವರ ಹತ್ತಿರ ಹೋದಳು. ಮಾವನ ಜೊತೆ ಬೆಳೆದ ಮುದುಕ, ಉಗುರಿನಲ್ಲಿ ಹಸಿರು ಕಲೆ.

"ಲೋಹಕ್ಕೆ ಎಷ್ಟು ಸಲ ಬೇಕಾದ್ರೂ ಬಣ್ಣ ಹಾಕ್ಕೊಡ್ತೀನಿ ತಾಯಿ. ಗಾಜಿನ ಬೆನ್ನಿಗೆ ನಾನೇನು ಮಾಡ್ಲಿ? ಯಾರು ನೀರು ಕುಡಿಸಿದ್ದು ಇದಕ್ಕೆ?"

"ನಾನೇ."

ಆತ ಚಂದ್ರನನ್ನು ಬಿಟ್ಟು ಇವಳನ್ನು ನೋಡಿದರು. "ನೀನಾ? ನಿಮ್ಮಾವ ನನ್ನ ಅಂಗಡಿಗೆ ಬಂದ್ರೂ ನನ್ನ ಕೈ ಎರಡು ಸಲ ಒರೆಸಿಸ್ತಿದ್ದ." ಆಮೇಲೆ, "ಹೇಗಿದಾನೆ ಅವನು?" ಅಂದರು.

"ಚೆನ್ನಾಗಿದಾರೆ."

"ಹೂಂ," ಅಂದು ಚಂದ್ರನನ್ನು ಕರವಸ್ತ್ರದಲ್ಲಿ ಮತ್ತೆ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ವಾಪಸ್ಸು ಕೊಟ್ಟರು.

ರೇಡಿಯೋ ಮೇಡಂಗೆ ಫೋನು ಮಾಡಿ, ಅಜ್ಜನಿಗೆ ಹುಷಾರಿಲ್ಲ, ಒಂದೆರಡು ತಿಂಗಳು ಮುಂದೆ ಹಾಕ್ತೀರಾ ಅಂತ ಕೇಳಿ ನೋಡಿದಳು. ಪುಸ್ತಕ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ, ಅವರು ಮಲಗಿದ್ದರೂ ಪರವಾಗಿಲ್ಲ, ಪೆಟ್ಟಿಗೆ ಒಂದು ಇದ್ದರೆ ಸಾಕು, ಅಂದರಂತೆ.

"ಕಪ್ಪು ಬಿಳುಪಲ್ಲಿ ಫೋಟೋ ತೆಗೀರಿ ಅಂತ ಹೇಳಲಾ ಅಮ್ಮ?"

ಇಬ್ಬರೂ ನಕ್ಕರು. ನಗುತ್ತಲೇ ಸೊಸೆ ಒಲೆಯ ಕಡೆ ತಿರುಗಿಕೊಂಡಳು.

*

ಗುರುವಾರ ಮಾವ ಆರು ಗಂಟೆಗೇ ಎದ್ದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತರು. ಮೂರು ವಾರ ಒಂದು ದಿನವೂ ಮರೆಯಲಿಲ್ಲ, ಅದೇ ಆಶ್ಚರ್ಯ. ದಿನ ಬೆಳಗಾದರೆ, "ಗುರುವಾರ ಇವತ್ತಾ?" ಗಂಡನೂ ಅವತ್ತು ರಜೆ ಹಾಕಿದ್ದ. ಸಿಟ್ಟು ಇಳಿದಿರಲಿಲ್ಲ, ಆದರೂ ಅಪ್ಪನ ಪಕ್ಕ ನಿಲ್ಲಬೇಕು ಅನ್ನಿಸಿತ್ತೇನೋ. ಸೊಸೆ ಪೆಟ್ಟಿಗೆಯನ್ನು ಬೀರುವಿನ ಮೇಲೆ ಹಳೆ ಕಂಬಳಿಯ ಹಿಂದೆ ಇಟ್ಟಿದ್ದಳು. ಮೇಡಂ ಒಳಗೆ ಬಂದ ಕೂಡಲೇ ಅವರೊಬ್ಬರನ್ನೇ ಪಕ್ಕಕ್ಕೆ ಕರೆದು ಎಲ್ಲ ಹೇಳಬೇಕು, ಮಾವನಿಗೆ ಪೆಟ್ಟಿಗೆ ಕಾಣಿಸಬಾರದು, ಅಂತ ಅವಳ ಲೆಕ್ಕ.

ಮೇಡಂ, ಫೋಟೋದವನು, ಎರಡು ದೀಪ, ಒಂದು ಬಿಳಿ ಛತ್ರಿ ಎಲ್ಲ ಒಟ್ಟಿಗೆ ಒಳಗೆ ಬಂದವು. ಮಾವ ಗೆರೆಯ ಹತ್ತಿರ ನಿಂತು ಒಬ್ಬೊಬ್ಬರ ಕೈಯೂ ಒರೆಸಿಸಿದರು. ಎಲ್ಲರೂ ದಾಟಿದ ಮೇಲೆ ಮಗನಿಗೆ, "ಪೆಟ್ಟಿಗೆ ತಾ" ಅಂದರು.

"ಮಾವ, ಮೊದಲು ಚಹಾ..." ಅಂದಳು ಸೊಸೆ.

"ಚಹಾ ಎಲ್ಲಿಗೆ ಹೋಗುತ್ತೆ? ಪೆಟ್ಟಿಗೆ ತಾರೋ."

ಗಂಡ ಉದ್ದದ ಮನುಷ್ಯ. ಬೀರುವಿನ ಮೇಲಿಂದ ಅವನಿಗೆ ಸುಲಭವಾಗಿ ಸಿಕ್ಕಿತು.

ಮಾವ ಮುಚ್ಚಳ ತೆಗೆದರು. ಫೋಟೋದವನ ದೀಪ ಹತ್ತಿಯೇ ಇತ್ತು. ಅಷ್ಟು ಬೆಳಕು ಆ ಮೇಜಿನ ಮೇಲೆ ಯಾವತ್ತೂ ಬಿದ್ದಿರಲಿಲ್ಲ. ಎಂಬತ್ತನಾಲ್ಕರಲ್ಲಿ ಪೂರ್ತಿ ಉಳಿದದ್ದು ಕಲ್ಲೇ ಇಲ್ಲದ ಐದು. ಉಳಿದವುಗಳ ಮೇಲೆ ಯಾರೋ ಮಸಿ ಹನಿಸಿದ ಹಾಗಿತ್ತು.

ಮಾವ ಜೇಡವನ್ನು ಎತ್ತಿ, ಹೆಬ್ಬೆರಳಲ್ಲಿ ಒರೆಸಿದರು. ಇನ್ನೊಮ್ಮೆ ಒರೆಸಿದರು. ಭೂತಗನ್ನಡಿ ಕಣ್ಣಿಗಿಟ್ಟರು. ಆ ಕ್ಷಣ ಅವರ ಮುಖದಲ್ಲಿ ಮರೆವು ಅನ್ನುವುದೇ ಇರಲಿಲ್ಲ. ಹನ್ನೊಂದು ಜನರನ್ನು ಒಂದೇ ಕೂಗಿಗೆ ತಲೆ ಎತ್ತಿಸುತ್ತಿದ್ದ ಮಾವ ಅಲ್ಲಿ ಕೂತಿದ್ದರು.

"ನೀರು," ಅಂದರು. "ಸೋಪು ನೀರು. ಬ್ರಷ್ಷೂ ಹಾಕಿದಾರೆ, ಹಲ್ಲು ಎದ್ದಿದೆ." ತಲೆ ಎತ್ತಿದರು. "ಯಾರು?"

ಗಂಡ ಹೆಂಡತಿಯ ಕಡೆ ನೋಡಿದ. ರೇಡಿಯೋ, "ಅಜ್ಜ, ಅದು..." ಅಂತ ಬಾಯಿ ತೆರೆದಳು. ಸೊಸೆ ಮಗಳ ಮಣಿಕಟ್ಟು ಹಿಡಿದಳು.

"ನಾನೇ ಮಾವ. ನಾನೇ ತೊಳೆದೆ."

ಬೈಯುತ್ತಾರೆ ಅಂತ ಕಾದಳು. ಬೈದಿದ್ದರೆ ಚೆನ್ನಾಗಿತ್ತು. ಮಾವ ಜೇಡವನ್ನು ಅದರ ಜಾಗದಲ್ಲಿಟ್ಟು, ಮುಚ್ಚಳ ಹಾಕಿ, ಅವಳ ಇಪ್ಪತ್ತೆರಡು ವರ್ಷದ ಸ್ಟೂಲಿನ ಕಡೆ ನೋಡಿದರು. ಅವಳು ಅದರ ಹಿಂದೆ, ಒಂದು ಕೈ ಅದರ ಮೇಲೆ ಇಟ್ಟು ನಿಂತಿದ್ದಳು.

"ಕೈ ತೆಗಿ."

ತೆಗೆದಳು.

"ಗೆರೆ ದಾಟು."

"ಅಪ್ಪ, ಹೊರಗಿನವರ ಮುಂದೆ..." ಅಂದ ಗಂಡ.

"ದಾಟು ಅಂದೆ."

ಸೊಸೆ ನಾಲ್ಕು ಹೆಜ್ಜೆ ನಡೆದು ಗೆರೆಯ ಈಚೆಗೆ ಬಂದು ನಿಂತಳು. ಏನು ಮಾಡಬೇಕು ಅಂತ ತೋಚದೆ ಟವೆಲ್ಲಿಗೆ ಕೈ ಒರೆಸಿದಳು.

ಮೇಡಂ ಒಳ್ಳೆಯವರು. ಬಾಗಿಲಲ್ಲಿ ಅವಳ ಭುಜ ಮುಟ್ಟಿ, "ಹೆಸರು ಬಿಡಲ್ಲಮ್ಮ. ಒಂದೆರಡು ಸಾಲು ಹಾಕ್ತೀನಿ," ಅಂದರು. ಚಿತ್ರಗಳಿಗೆ ಬೇರೆಯವರ ಹತ್ತಿರ ಇರುವ ಒಡವೆಗಳನ್ನೇ ತಗೊಳ್ಳಬೇಕಾಗುತ್ತದೆ. ಅವು ಅಂಗಡಿಯ ರಟ್ಟಿನ ಮೇಲೇ ಇವೆ. ಕೆಳಗೆ ಅಂಗಡಿಯ ಹೆಸರೇ ಬರುತ್ತದೆ. ರೇಡಿಯೋ ಮೊದಲು ತೆಗೆದಿದ್ದ ಫೋಟೋಗಳನ್ನು ತೋರಿಸಿದಳು. ಅಚ್ಚಿಗೆ ಸಾಲುವುದಿಲ್ಲ ಅಂದ ಫೋಟೋದವನು. ಒಂದರಲ್ಲಂತೂ ಅವಳ ಹೆಬ್ಬೆರಳೇ ಅರ್ಧ ಇತ್ತು. ಚಹಾ ಯಾರೂ ಕುಡಿಯಲಿಲ್ಲ.

*

ಮಾವ ಮರೆಯುತ್ತಾರೆ ಅಂದುಕೊಂಡಿದ್ದರು ಎಲ್ಲರೂ. ಮಧ್ಯಾಹ್ನದ ಊಟ ಮರೆತವರು, ಸ್ವಂತ ಹೆಂಡತಿ ತೀರಿಕೊಂಡದ್ದನ್ನು ಎರಡು ಸಲ ಮರೆತು ಕೇಳಿದವರು, ಇದನ್ನು ಮರೆಯದೆ ಇರುತ್ತಾರಾ? ಮೇಡಂ ಬಂದದ್ದು ಮರೆತರು. ಪುಸ್ತಕ ಮರೆತರು. ಸೊಸೆ ಬೆಳಗ್ಗೆ ಕೈ ಎರಡು ಸಲ ಒರೆಸಿಕೊಂಡು ಕಾಲು ಎತ್ತಿದರೆ ಮಾತ್ರ, ಬೆನ್ನು ತಿರುಗಿಸಿದ ಹಾಗೇ, "ಗೆರೆ" ಅನ್ನುತ್ತಿದ್ದರು. ಮೊದಲಿನ ಹಾಗೆ ಕೂಗಲ್ಲ. ಮೆಲ್ಲಗೆ.

ನೃತ್ಯದವರ ಓಲೆಗಳ ಎರಡನೇ ಕಂತು ಬಾಕಿ ಇತ್ತು. ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತು ಕಲ್ಲು ಕೂರಿಸತೊಡಗಿದಳು, ನಲ್ಲಿಗೆ ಬಟ್ಟೆ ಕಟ್ಟಿ, ಒಲೆ ಆರಿಸಿ. ಬೆಳಕು ಸರಿಯಿಲ್ಲ. ಗಂಡ ಪೂರ್ತಿ ಮಾತು ಬಿಟ್ಟಿರಲಿಲ್ಲ, ಆದರೆ ಉಪ್ಪು ಬೇಕಾದರೂ ಮಗಳ ಮೂಲಕ ಕೇಳುತ್ತಿದ್ದ.

"ಅಮ್ಮನಿಗೆ ಹೇಳು, ನಂಗೆ ರಾತ್ರಿ ಪಾಳಿ."

"ಅಮ್ಮ, ನಿನ್ನ ಗಂಡನಿಗೆ ರಾತ್ರಿ ಪಾಳಿಯಂತೆ. ಅಪ್ಪ, ನಿಮ್ಮ ಹೆಂಡತಿ ಕೇಳಿಸ್ಕೊಂಡಿದಾರೆ. ಸುದ್ದಿ ಮುಗಿಯಿತು," ಅನ್ನುತ್ತಿದ್ದಳು ರೇಡಿಯೋ.

ಮತ್ತೊಂದು ಮಂಗಳವಾರ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಬಂದ ಗಂಡ ಕೈಕಾಲು ತೊಳೆಯಲು ಬಚ್ಚಲಿಗೆ ಹೋದ. ಹೋದವನು ಬಾಗಿಲಲ್ಲೇ ನಿಂತ. ಸೊಸೆ ಅಡುಗೆಮನೆಯಿಂದ ಅವನ ಬೆನ್ನು ನೋಡಿದಳು, ಎದ್ದು ಬಂದಳು.

ಮಾವ ಮಣೆಯ ಮೇಲೆ ಕೂತಿದ್ದರು. ಟಬ್ಬಿನಲ್ಲಿ ನೊರೆ. ಚಿಮಟ, ಅರ, ಭೂತಗನ್ನಡಿ, ಸತ್ತ ಎಲೆ, ಸತ್ತ ಬಿಲ್ಲು. ಬ್ರಷ್ಷಿನಿಂದ ಜೇಡದ ಕಾಲು ಉಜ್ಜುತ್ತಿದ್ದರು.

"ಬಾರೋ," ಅಂದರು ಮಗನಿಗೆ. "ಇದರ ಕೊಳೆ ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ. ಆ ಮೇಡಂ ಬರ್ತಾರಲ್ಲ."

ಗಂಡ ತಂದೆಯನ್ನು ಎಬ್ಬಿಸಿ, ತೋಳು ಒರೆಸಿ, ಮೇಜಿನ ಮುಂದೆ ಕೂರಿಸಿ ಬಂದ. ಅಡುಗೆಮನೆಯಲ್ಲಿ ಹೆಂಡತಿಯ ಎದುರು ಕುರ್ಚಿ ಎಳೆದುಕೊಂಡ. ಮೇಜಿನ ಮೇಲೆ ಅರ್ಧ ಮುಗಿದ ಓಲೆ.

"ನೀನಲ್ಲ ಅಲ್ವಾ?"

ಸೊಸೆ ಮೇಣದ ಕಡ್ಡಿ ಕೆಳಗಿಟ್ಟಳು.

"ಯಾಕೆ ಹೇಳಲಿಲ್ಲ?"

"ನೀವು ಬೀಗ ಹಾಕ್ತಿದ್ರಿ."

"ಹಾಕ್ತಿದ್ದೆ," ಅಂದ. ಅಂಗೈಯಿಂದ ಮುಖ ಉಜ್ಜಿಕೊಂಡ. ಹೊಗೆಯ ವಾಸನೆ ಇನ್ನೂ ಹೋಗಿರಲಿಲ್ಲ. "ಅಪ್ಪನಿಗೆ ಹೇಳೋಣ. ಸೊಸೆ ಅಲ್ಲ ಮಾಡಿದ್ದು ಅಂತ."

"ಯಾರು ಮಾಡಿದ್ದು ಅಂತೀರಿ?"

ಗಂಡ ಬಾಗಿಲ ಕಡೆ ತಿರುಗಿದ. ಮುಂದಿನ ಕೋಣೆಯಿಂದ ಮಾವ ಅರವನ್ನು ಒರೆಸಿ ಒರೆಸಿ ಬಡಿಯುವ ಸದ್ದು ಬರುತ್ತಿತ್ತು.

"ಬೇರೆ ಯಾರದ್ದಾದ್ರೂ ಹೆಸರು ಹೇಳೋಣ. ನಂದು ಹೇಳ್ತೀನಿ."

"ನಿಮ್ಮನ್ನ ಅವರು ಮೊದಲಿಂದ್ಲೂ ಒಡವೆ ಮುಟ್ಟೋಕೇ ಬಿಟ್ಟಿಲ್ಲ," ಅಂದಳು ಸೊಸೆ. "ಕೈ ಬೆವರುತ್ತೆ ಅಂತ."

ಅವನು ಬೀಗ ಹಾಕಲಿಲ್ಲ. ಸಿಲಿಂಡರನ್ನು ಮಾತ್ರ ಹೆಗಲ ಮೇಲೆ ಹೊತ್ತು ಹೊರಗೆ ಸಾಗಿಸಿದ. ಮಾವ ದಿನವೂ ಲೈಟರು ಚಟಕ್ ಚಟಕ್ ಅನ್ನಿಸಿ, "ಗ್ಯಾಸು ಮುಗಿದಿದೆ, ತರಿಸ್ರೋ" ಅನ್ನುತ್ತಾರೆ. "ನಾಳೆ ಬರುತ್ತೆ ಅಪ್ಪ," ಅನ್ನುತ್ತಾನೆ ಮಗ. "ನಾಳೆ ಬಂದ್ರೆ ಸರಿ," ಅಂತ ಸುಮ್ಮನಾಗುತ್ತಾರೆ.

ಚಹಾ ಮಾತ್ರ ಸೊಸೆಯೇ ಒಯ್ಯುವುದು. ಗೆರೆಗೆ ಕಾಲಬೆರಳು ತಾಗದ ಹಾಗೆ ನಿಂತು, "ಮಾವ" ಅನ್ನುತ್ತಾಳೆ. ಕಾನೂನು ಅವರಿಗೂ ಒಂದೇ; ಎದ್ದು ಈಚೆಗೆ ಬಂದೇ ಕುಡಿಯಬೇಕು. ಒಂದು ದಿನ ಹಾಗೆ ಬಂದು ಅವಳ ಪಕ್ಕದಲ್ಲಿ ನಿಂತು, ಊದಿ ಊದಿ ಕುಡಿಯುತ್ತಾ, ಮೇಜಿನ ಹತ್ತಿರದ ಖಾಲಿ ಸ್ಟೂಲನ್ನು ನೋಡಿದರು.

"ನಮ್ಮನೇಲಿ ಒಬ್ಬಳು ಸೊಸೆ ಇದ್ದಳು," ಅಂದರು. "ಎಂಥ ಕೈ ಅವಳದು! ನನಗಿಂತ ಚೆನ್ನಾಗಿ ಕೂರಿಸೋಳು. ಅವಳಿಗೆ ಹೇಳಿಲ್ಲ ಅದನ್ನ, ತಲೆ ಮೇಲೆ ಕೂತ್ಕೋತಾಳೆ ಅಂತ."

ಸೊಸೆ ಚಹಾ ತಂದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಎಲ್ಲಾದಕ್ಕೂ ನೀರು ಹಾಕಿಬಿಟ್ಟಳು. ಯಾಕೆ ಹಾಗೆ ಮಾಡಿದಳೋ."

"ಗೊತ್ತಾಗದೆ ಮಾಡಿರಬೇಕು ಮಾವ," ಅಂದಳು. "ಪಾಪ. ಚೆನ್ನಾಗಿ ಕಾಣ್ಲಿ ಅಂತ ಮಾಡಿರ್ತಾರೆ."

"ಗೊತ್ತಾಗದೆ ಹೇಗಿರುತ್ತೆ?" ಅಂದರು ಮಾವ. "ನಾನೇ ಅಲ್ವಾ ಕಲಿಸಿದ್ದು."

ಖಾಲಿ ಲೋಟ ಅವಳ ತಟ್ಟೆಯಲ್ಲಿಟ್ಟರು. ಟವೆಲ್ಲಿಗೆ ಕೈ ಒರೆಸಿದರು, ಇನ್ನೊಂದು ಸಲ ಒರೆಸಿದರು, ಗೆರೆ ದಾಟಿ ಒಳಗೆ ಹೋದರು.